ಸ್ಮೋಕ್ ಹೊಡೆದ ಕಾರ್ ಲೈಟನ್ನು ಮನೆಯಲ್ಲೇ ತಿಳಿ ಮಾಡಿಕೊಳ್ಳುವುದು ಹೇಗೆ?

ಕುಡತಿನಿ ದಾಟಿ ಬಳ್ಳಾರಿ ಕಡೆ ಬರುತ್ತಿದ್ದೆ. ರಾತ್ರಿ ಒಂಬತ್ತೂವರೆ ಇರಬೇಕು. ಎಮ್ಮೆ ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಿಂದಿದ್ದ ಅದಿರು ಲಾರಿ ಕಿರ್ರ್ ಅಂತ ನಿಂತದ್ದು ನನ್ನ ಬಂಪರ್‌ಗೆ ಒಂದು ಮಾರು ದೂರದಲ್ಲಿ. ಡ್ರೈವರ್ ಇಳಿದು ಬಂದ. ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವನು ಬೈಯಲಿಲ್ಲ, ಬಗ್ಗಿ ನನ್ನ ಕಾರಿನ ಹಿಂದಿನ ಲೈಟನ್ನು ನೋಡಿದ. "ಯಣ್ಣಾ, ಬ್ರೇಕ್ ಲೈಟ್ ಹತ್ತಿದ್ದೇ ಕಾಣಲಿಲ್ಲ. ಇದಕ್ಯಾಕೆ ಮಸಿ ಬಳದೀರಿ?" ಅಂದ.

ಬಳಿದದ್ದು ನಾನಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಆ ಕಾರಿನ ಹಿಂದಿನ ಲೈಟುಗಳಿಗೆ ಸ್ಮೋಕ್ ಸ್ಪ್ರೇ, ಅಂದರೆ ಒಳಗಿನದು ಮಬ್ಬಾಗಿ ಕಾಣುವಂಥ ಕಪ್ಪು ಬಣ್ಣ, ಹೊಡೆಸಿದ್ದರು. ನೋಡೋಕೆ ಚೆನ್ನಾಗಿದೆ ಅಂತ ನಾನೂ ಸುಮ್ನೆ ಬಿಟ್ಟಿದ್ದೆ. ಮುಂದಿನ ಲೈಟುಗಳು ಬೇರೆ ಹಳದಿ ತಿರುಗಿ, ಹಳೇ ಎಣ್ಣೆ ಬಾಟಲಿ ಥರ ಆಗಿದ್ದವು. ಆ ವಾರದ ಭಾನುವಾರವೇ ಎರಡನ್ನೂ ಉಜ್ಜೋಕೆ ಕೂತೆ. ಒಂದನ್ನು ಹಾಳು ಮಾಡಿಕೊಂಡೆ, ಮೂರನ್ನು ಸರಿ ಮಾಡಿಕೊಂಡೆ. ಆಮೇಲೆ ಅಕ್ಕನ ಮಗ ತನ್ನ ಹೊಸ ಕಾರಿಗೆ ಕಪ್ಪು ಸ್ಪ್ರೇ ಡಬ್ಬಿ ಹಿಡಿದುಕೊಂಡು "ಮಾಮಾ, ಇದನ್ನ ಹೊಡೆದುಕೊಡು" ಅಂತ ಬಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಕಪ್ಪು ಯಾಕೆ ಬೇಡ

ಲೆಕ್ಕ ಸುಲಭ. ಅರ್ಧ ಬೆಳಕನ್ನು ಮಾತ್ರ ಬಿಡುವ ಫಿಲ್ಮ್ ಅಂಟಿಸಿದ್ದೀರಿ ಅಂದುಕೊಳ್ಳಿ. ಬಲ್ಬಿನ ಬೆಳಕು ಅದನ್ನು ಒಂದು ಸಲ ದಾಟಿ ಹೊರಗೆ ಬರುತ್ತದೆ, ಅರ್ಧ ಆಗುತ್ತದೆ. ಆದರೆ ಹಿಂದಿನ ಲೈಟಿನಲ್ಲಿ ಕೆಂಪು ರಿಫ್ಲೆಕ್ಟರ್ ಇರುತ್ತದಲ್ಲ, ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದೆ ಬರುವ ಗಾಡಿಯ ಬೆಳಕು ಫಿಲ್ಮ್ ದಾಟಿ ಒಳಗೆ ಹೋಗಬೇಕು, ಅದೇ ಫಿಲ್ಮ್ ದಾಟಿ ವಾಪಸ್ ಬರಬೇಕು. ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ರಿಫ್ಲೆಕ್ಟರ್ ಕೆಲಸಕ್ಕೆ ಬರೋದೇ ಬ್ಯಾಟರಿ ಸತ್ತು, ಲೈಟೆಲ್ಲ ಆರಿ, ಗಾಡಿ ರೋಡ್ ಪಕ್ಕ ನಿಂತಾಗ. ಆ ಹೊತ್ತಿನಲ್ಲಿ ನಿಮ್ಮನ್ನು ತೋರಿಸೋಕೆ ಇರುವುದು ಅದೊಂದೇ.

ಇದಕ್ಕೆ ನಮ್ಮ ಊರಿನ ಧೂಳನ್ನೂ ಸೇರಿಸಿ. ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಅಂತ ಹೋಗುವ 67ನೇ ಹೆದ್ದಾರಿಯಲ್ಲಿ ಒಂದು ಸಲ ಓಡಾಡಿದರೆ ಸಾಕು, ಬಿಳಿ ಕಾರು ಕುಂಕುಮ ಹಚ್ಚಿಕೊಂಡ ಹಾಗೆ ಬರುತ್ತದೆ. ಲೈಟಿನ ಮೇಲೆ ಆ ಕೆಂಧೂಳೇ ಒಂದು ಪದರ ಟಿಂಟ್. ಅದರ ಕೆಳಗೆ ನಾವು ದುಡ್ಡು ಕೊಟ್ಟು ಇನ್ನೊಂದು ಪದರ ಯಾಕೆ ಹಾಕಿಸಬೇಕು ಹೇಳಿ?

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ಕಾರನ್ನು ನಿಯಮ ಬಿಟ್ಟು ಬದಲಾಯಿಸಿದರೆ, 2019ರ ತಿದ್ದುಪಡಿ ಬಂದ ಮೇಲೆ, ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕಪ್ಪು ಫಿಲ್ಮ್ ತಕರಾರೆಲ್ಲ ಕಿಟಕಿ ಗಾಜಿಗೆ ಮಾತ್ರ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ.

ಇನ್ನೊಂದು ಜಾತಿಯ ಜನ ಇದ್ದಾರೆ. ಲೈಟ್ ಕಪ್ಪು ಮಾಡಿಸುತ್ತಾರೆ, ಬೆಳಕು ಸಾಲಲಿಲ್ಲ ಅಂತ 60/55 ವಾಟಿನ ಬಲ್ಬ್ ತೆಗೆದು 100/90 ಹಾಕಿಸುತ್ತಾರೆ. ಹೋಲ್ಡರ್ ಸುಟ್ಟು ಕರಕಲಾಗುತ್ತದೆ. ಟಿಂಟ್‌ಗೆ ಒಂದು ಖರ್ಚು, ಬಲ್ಬಿಗೆ ಒಂದು, ವೈರಿಂಗ್‌ಗೆ ಇನ್ನೊಂದು.

ಉಜ್ಜುವ ಮೊದಲು ನೀರಿನ ಪರೀಕ್ಷೆ

ಲೈಟನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಈಗ ಹಳದಿ ಅಥವಾ ಮಬ್ಬು ಇರುವ ಜಾಗಕ್ಕೆ ಒದ್ದೆ ಬೆರಳು ಆಡಿಸಿ. ನೀರು ಇರುವಷ್ಟು ಹೊತ್ತು ಅಲ್ಲಿ ತಿಳಿಯಾಗಿ ಕಂಡರೆ ಮಬ್ಬು ಹೊರಗಡೆ ಇದೆ ಅಂತ ಅರ್ಥ, ಉಜ್ಜಿದರೆ ಹೋಗುತ್ತದೆ. ಒದ್ದೆ ಇದ್ದಾಗಲೂ ಹಾಗೇ ಇದ್ದರೆ ಮಬ್ಬು ಒಳಗಿದೆ. ಒಳಗೆ ನೀರಿನ ಹನಿ ಕೂತಿದ್ದರೂ ಅಷ್ಟೇ. ಮೇಲೆ ಎಷ್ಟು ಉಜ್ಜಿದರೂ ಕೈನೋವು ಮಾತ್ರ. ಅಂಥ ಲೈಟನ್ನು ಬಿಚ್ಚಿಸಬೇಕು, ಇಲ್ಲವೇ ಬದಲಾಯಿಸಬೇಕು.

ಮುಂದಿನ ಲೈಟಿನ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್. ಅದು ಕಲ್ಲೇಟಿಗೆ ಸುಲಭವಾಗಿ ಒಡೆಯುವುದಿಲ್ಲ, ಆದರೆ ಬಿಸಿಲಿಗೆ ಹಳದಿಯಾಗುತ್ತದೆ. ಅದಕ್ಕೇ ಕಂಪನಿಯಲ್ಲಿ ಅದರ ಮೇಲೊಂದು ತೆಳು ಕೋಟಿಂಗ್ ಕೊಟ್ಟಿರುತ್ತಾರೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ, ಮೇಲಿಂದ ಧೂಳಿನ ಉಜ್ಜಾಟಕ್ಕೆ, ಆ ಕೋಟಿಂಗ್ ಸವೆದು ಸಿಪ್ಪೆ ಏಳುತ್ತದೆ. ಹಿಂದಿನ ಲೈಟು ಸಾಮಾನ್ಯವಾಗಿ ಅಕ್ರಿಲಿಕ್. ಬಿಸಿಲು ತಡೆಯುತ್ತದೆ, ಹಳದಿಯಾಗುವುದು ಅಪರೂಪ, ಆದರೆ ಕೆಮಿಕಲ್ ತಡೆಯುವುದಿಲ್ಲ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೇಕಾದ ಸಾಮಾನು

ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ, ನೀರು ಹಾಕಿ ಉಜ್ಜುವ ಕಾಗದ ಅದು. ನಂಬರ್ ಹೆಚ್ಚಾದಷ್ಟೂ ನುಣುಪು. 800, 1000, 1500, 2000 ನಂಬರಿನದು ಒಂದೊಂದು ಶೀಟ್ ಸಾಕು. 3000 ನಂಬರ್ ಎಲ್ಲ ಕಡೆ ಸಿಗುವುದಿಲ್ಲ, ಕಾರ್ ಪೇಂಟ್ ಮಾರುವ ಅಂಗಡಿಯಲ್ಲೇ ಕೇಳಬೇಕು. ಒಳ್ಳೆ ಮಾಸ್ಕಿಂಗ್ ಟೇಪ್ ಬೇಕು. ಸ್ಟೇಷನರಿ ಅಂಗಡಿಯ ಅಗ್ಗದ ಟೇಪ್ ನೀರು ತಾಗಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ರಬ್ಬಿಂಗ್ ಕಾಂಪೌಂಡ್ (ಹೊಳಪು ಬರಿಸುವ ಪೇಸ್ಟ್) ಒಂದು ಸಣ್ಣ ಡಬ್ಬಿ, ಹಳೇ ಬನಿಯನ್ ಎರಡು, ಸ್ಪ್ರೇ ಬಾಟಲಿ ಒಂದು. ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ತಿಳಿ ಸ್ಪ್ರೇ.

ನೀರಿನ ವಿಷಯ ಒಂದು ಮಾತು. ಬೋರ್ ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಉಜ್ಜೋಕೆ ಯಾವ ನೀರಾದರೂ ನಡೆಯುತ್ತದೆ, ಕೊನೆಯ ಸಲ ತೊಳೆಯೋಕೆ ಮಾತ್ರ ಕುಡಿಯುವ ಕ್ಯಾನ್ ನೀರು ಬಳಸಿ.

ಬೇಡವಾದ ಸಾಮಾನನ್ನೂ ಹೇಳಲೇಬೇಕು. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಲೈಟಿನ ಹತ್ತಿರ ತರಬೇಡಿ. ನಾನು ಒಂದು ಲೈಟ್ ಹಾಳು ಮಾಡಿಕೊಂಡದ್ದು ಹೀಗೇ. ಸ್ಪ್ರೇ ಪೇಂಟ್ ಅಲ್ವಾ, ಥಿನ್ನರ್‌ಗೆ ಹೋಗುತ್ತದೆ ಅಂತ ಬಟ್ಟೆ ಅದ್ದಿ ಒರೆಸಿದೆ. ಕಪ್ಪು ಹೋಯಿತು, ನಿಜ. ಜೊತೆಗೆ ಅಕ್ರಿಲಿಕ್ ಒಳಗೆ ಕೂದಲೆಳೆಯಂಥ ಬಿರುಕುಗಳು ಎದ್ದವು, ಒಣಗಿದ ಕೆರೆಯ ತಳದ ಹಾಗೆ. ಆ ಬಿರುಕು ಯಾವ ಪಾಲಿಶ್‌ಗೂ ಹೋಗುವುದಿಲ್ಲ. ಗುಜರಿಯಲ್ಲಿ ಹುಡುಕಿ ಬೇರೆ ಲೈಟ್ ತಂದೆ.

ಟೂತ್‌ಪೇಸ್ಟ್ ವಿಡಿಯೋ ನೋಡಿದ್ದೀರಲ್ಲ? ಅದರಲ್ಲಿ ಸಣ್ಣ ಪುಡಿ ಇರುತ್ತದೆ, ಸ್ವಲ್ಪ ಹೊಳಪು ಬರುತ್ತದೆ, ಕೆಲವೇ ವಾರಕ್ಕೆ ಮತ್ತೆ ಮೊದಲಿನ ಹಾಗೇ. ಸೊಳ್ಳೆಗೆ ಮೈಗೆ ಹಚ್ಚಿಕೊಳ್ಳುವ ಔಷಧಿ ಒರೆಸಿ ಪಳಪಳ ಮಾಡಿ ತೋರಿಸುವವರೂ ಇದ್ದಾರೆ. ಅದು ಕೊಳೆ ತೆಗೆಯುತ್ತಿಲ್ಲ, ಪ್ಲಾಸ್ಟಿಕ್ಕನ್ನೇ ಮೇಲ್ಮೇಲೆ ಕರಗಿಸುತ್ತಿದೆ.

ಹಿಂದಿನ ಲೈಟಿನ ಕಪ್ಪು ತೆಗೆಯುವುದು

ಮೊದಲು ನೋಡಬೇಕಾದ್ದು, ಅದು ಫಿಲ್ಮೋ ಸ್ಪ್ರೇಯೋ ಅಂತ. ಅಂಚಿನಲ್ಲಿ ಉಗುರು ಹಾಕಿ ಕೆರೆಯಿರಿ. ಹಾಳೆಯ ಹಾಗೆ ಎದ್ದರೆ ಫಿಲ್ಮ್. ಏನೂ ಏಳದಿದ್ದರೆ ಸ್ಪ್ರೇ.

ಫಿಲ್ಮ್ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮನೆಯಲ್ಲಿ ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಒಂದು ಮೂಲೆಯನ್ನು ಬಿಸಿ ಮಾಡಿ, ಕೈ ಇಟ್ಟರೆ ತಡೆಯುವಷ್ಟು ಬಿಸಿ ಸಾಕು. ಮೂಲೆ ಎತ್ತಿ, ಲೈಟಿಗೆ ಒತ್ತಿದ ಹಾಗೇ ಮಡಚಿಕೊಂಡು ನಿಧಾನ ಎಳೆಯಿರಿ. ನೇರವಾಗಿ ಹೊರಗೆ ಎಳೆದರೆ ಫಿಲ್ಮ್ ತುಂಡಾಗುತ್ತದೆ, ಅಂಟೆಲ್ಲ ಲೈಟ್ ಮೇಲೇ ಉಳಿಯುತ್ತದೆ. ಉಳಿದ ಅಂಟಿಗೆ ಅಡುಗೆಮನೆಯ ಶೇಂಗಾ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಮೆತ್ತಗಾಗುತ್ತದೆ, ಬೆರಳಲ್ಲೇ ಉರುಳಿಸಿ ತೆಗೆದು ಸೋಪು ನೀರಿನಲ್ಲಿ ತೊಳೆಯಿರಿ.

ಸ್ಪ್ರೇ ಇದ್ದರೆ ಉಜ್ಜಲೇಬೇಕು. ಲೈಟಿನ ಸುತ್ತ ಬಾಡಿಯ ಪೇಂಟ್ ಮೇಲೆ ಎರಡು ಪದರ ಟೇಪ್ ಅಂಟಿಸಿ. ವಾಟರ್ ಪೇಪರನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಹಾಕಿ. ಹಿಂದಿನ ಲೈಟಿಗೆ 1500ರಿಂದ ಶುರು ಮಾಡಿ. ಕಪ್ಪು ಜಗ್ಗದಿದ್ದರೆ ಮಾತ್ರ 1000ಕ್ಕೆ ಇಳಿಯಿರಿ. ಬೇಗ ಆಗಲಿ ಅಂತ 400, 600 ಹಿಡಿದರೆ ಆ ಗೀರು ತೆಗೆಯೋದರಲ್ಲೇ ಇನ್ನೊಂದು ಭಾನುವಾರ ಹೋಗುತ್ತದೆ.

ನೀರು ಚಿಮುಕಿಸುತ್ತಾ ಉಜ್ಜಿ, ಇಳಿಯುವ ನೀರಿನ ಬಣ್ಣ ನೋಡುತ್ತಿರಿ. ಮೊದಲು ಬೂದಿ ಬಣ್ಣ, ಅಂದರೆ ಸ್ಪ್ರೇ ಹೋಗುತ್ತಿದೆ. ನೀರು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ನಿಲ್ಲಿಸಿ. ನೀವೀಗ ಕೆಂಪು ಲೆನ್ಸನ್ನೇ ಉಜ್ಜುತ್ತಿದ್ದೀರಿ. ಗಾಬರಿ ಬೇಡ, ಕೆಂಪು ಬಣ್ಣ ಪ್ಲಾಸ್ಟಿಕ್ಕಿನೊಳಗೇ ಇರುತ್ತದೆ, ಹೋಗಿಬಿಡುವುದಿಲ್ಲ. ಆಮೇಲೆ 2000, ಸಿಕ್ಕರೆ 3000, ಕೊನೆಗೆ ಕಾಂಪೌಂಡ್ ಹಚ್ಚಿ ಬನಿಯನ್ ಬಟ್ಟೆಯಲ್ಲಿ ತೀಡಿ. ಅಕ್ರಿಲಿಕ್ಕಿಗೆ ಇಷ್ಟು ಸಾಕು, ಮೇಲೆ ಕ್ಲಿಯರ್ ಕೋಟ್ ಬೇಕಿಲ್ಲ. ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ಆಯಿತು.

ಮುಂದಿನ ಲೈಟು

ಇದು ಸ್ವಲ್ಪ ತಾಳ್ಮೆಯ ಕೆಲಸ. ಹಳದಿ ಜಾಸ್ತಿ ಇದ್ದರೆ 800ರಿಂದ ಶುರು, ಕಮ್ಮಿ ಇದ್ದರೆ 1000. ಮೊದಲ ಪೇಪರಿನಲ್ಲಿ ಅಡ್ಡಡ್ಡ ಉಜ್ಜಿ, ಮುಂದಿನ ಪೇಪರಿನಲ್ಲಿ ಉದ್ದುದ್ದ. ಹಾಗೆ ಮಾಡಿದರೆ ಹಿಂದಿನ ಪೇಪರಿನ ಗೀರು ಪೂರ್ತಿ ಹೋಯಿತೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಎಲ್ಲರೂ ಸುತ್ತಸುತ್ತ ಉಜ್ಜುತ್ತಾರೆ, ಯಾವ ಗೀರು ಯಾವ ಪೇಪರಿನದು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಮೊದಲ ಪೇಪರಿಗೆ ಇಳಿಯುವ ನೀರು ಹಳದಿ, ಚಹಾ ತೊಳೆದ ಹಾಗೆ. ಅದು ಹಾಲಿನಂತೆ ಬಿಳಿ ಆಗುವವರೆಗೂ ಆ ಪೇಪರ್ ಬಿಡಬೇಡಿ. ತಪ್ಪಾಗುವುದು ಇಲ್ಲೇ. ಹಳೇ ಕೋಟಿಂಗ್ ಅರ್ಧಂಬರ್ಧ ಉಳಿದರೆ ಕೊನೆಗೆ ತೇಪೆ ತೇಪೆ ಕಾಣುತ್ತದೆ. ಈ ಹಂತದಲ್ಲಿ ಲೈಟ್ ಪೂರ್ತಿ ಬೆಳ್ಳಗೆ, ಮಬ್ಬಾಗಿ ಕಾಣುತ್ತದೆ. ಮನೆಯವರು ಬಂದು ನೋಡಿ "ಇದ್ದದ್ದನ್ನೂ ಕೆಡಿಸಿದಿರಿ" ಅನ್ನುತ್ತಾರೆ. ಅನ್ನಲಿ ಬಿಡಿ.

ಇಲ್ಲಿಂದ ದಾರಿ ಎರಡಾಗುತ್ತದೆ. ಬರೀ ಪಾಲಿಶ್ ಮಾಡಿ ಬಿಡುವುದಾದರೆ 1500, 2000, 3000 ಅಂತ ಮೇಲೆ ಹೋಗಿ ಕಾಂಪೌಂಡ್ ಹಾಕಿ. ಗಾಜಿನ ಹಾಗೆ ಆಗುತ್ತದೆ. ಆದರೆ ಮೇಲೆ ಕೋಟಿಂಗ್ ಇಲ್ಲದ ಪಾಲಿಕಾರ್ಬೊನೇಟ್ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಮೇಲೆ ಕ್ಲಿಯರ್ ಸ್ಪ್ರೇ ಹೊಡೆಯುವುದಾದರೆ 1000ಕ್ಕೇ ನಿಲ್ಲಿಸಿ. ಮೇಲ್ಮೈ ಸ್ವಲ್ಪ ಒರಟಿದ್ದರೇ ಕೋಟ್ ಹಿಡಿದುಕೊಳ್ಳುವುದು. ಪಾಲಿಶ್ ಮಾಡಿದ ಮೇಲೆ ಹೊಡೆದರೆ ಆರು ತಿಂಗಳಿಗೆ ಬೆಂದ ಆಲೂಗಡ್ಡೆ ಸಿಪ್ಪೆ ಥರ ಏಳುತ್ತದೆ. ಒರಟು ಲೈಟ್ ಮೇಲೆ ಕ್ಲಿಯರ್ ಬಿದ್ದ ಕೂಡಲೇ, ನೀರಿನ ಪರೀಕ್ಷೆಯಲ್ಲಿ ಆದ ಹಾಗೆ, ಅದೇ ತಿಳಿಯಾಗುತ್ತದೆ. ಬಟ್ಟೆಯಲ್ಲಿ ಒರೆಸಿ ಹಚ್ಚುವ ಕಿಟ್ ತಂದಿದ್ದರೆ ಡಬ್ಬಿಯ ಮೇಲೆ ಯಾವ ನಂಬರ್ ಹೇಳಿದೆಯೋ ಅದನ್ನೇ ಕೇಳಿ.

ಡ್ರಿಲ್ಲಿಗೆ ಫೋಮ್ ಪ್ಯಾಡ್ ಹಾಕಿ ಪಾಲಿಶ್ ಮಾಡುವವರು ಸ್ಪೀಡ್ ಕಮ್ಮಿ ಇಡಿ, ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಬಿಸಿಯಾದರೆ ಪ್ಲಾಸ್ಟಿಕ್ ಸುಟ್ಟು ಮಚ್ಚೆ ಬೀಳುತ್ತದೆ.

ಕ್ಲಿಯರ್ ಹೊಡೆಯುವ ದಿನ

ಉಜ್ಜೋಕೆ ಯಾವ ದಿನವಾದರೂ ಆಯಿತು. ಸ್ಪ್ರೇಗೆ ಮಾತ್ರ ದಿನ ನೋಡಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನ ಹೊಡೆದರೆ ಹನಿಗಳು ಲೈಟ್ ಮುಟ್ಟುವ ಮೊದಲೇ ಅರ್ಧ ಒಣಗುತ್ತವೆ, ಮೇಲ್ಮೈ ಕಿತ್ತಳೆ ಸಿಪ್ಪೆ ಥರ ಗುಳಿಗುಳಿ. ಆಷಾಢದಲ್ಲಿ ಗಾಳಿ, ಒದ್ದೆ ಕೋಟಿಗೆ ಧೂಳು ಬಂದು ಕೂರುತ್ತದೆ. ನವೆಂಬರ್‌ನಿಂದ ಜನವರಿ ಒಳ್ಳೆಯದು, ಬೆಳಗ್ಗೆ ಎಂಟರಿಂದ ಹನ್ನೊಂದರ ಒಳಗೆ, ನೆರಳಿನಲ್ಲಿ. ಬೇಸಿಗೆಯಲ್ಲೇ ಮಾಡಲೇಬೇಕಾದರೆ ಇನ್ನೂ ಬೇಗ ಏಳಿ. ಶುರು ಮಾಡುವ ಮೊದಲು ಅಂಗಳಕ್ಕೆ ನೀರು ಚಿಮುಕಿಸಿ, ಧೂಳು ಅಡಗುತ್ತದೆ. ಪೇಂಟರುಗಳೂ ಹೀಗೇ ಮಾಡುತ್ತಾರೆ.

ಕಾರಿನ ಮುಂಭಾಗಕ್ಕೆಲ್ಲ ಪೇಪರ್ ಮುಚ್ಚಿ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಒಂದು ಗೇಣು ದೂರದಿಂದ, ಲೈಟಿನ ಹೊರಗೆ ಶುರು ಮಾಡಿ ಲೈಟಿನ ಹೊರಗೆ ಬಿಡಿ. ಮೊದಲ ಕೋಟ್ ಇಬ್ಬನಿ ಕೂತ ಹಾಗೆ ತೆಳ್ಳಗಿರಲಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾದು ಇನ್ನೆರಡು ಕೋಟ್. ಒಂದೇ ಸಲಕ್ಕೆ ದಪ್ಪ ಹೊಡೆದರೆ ಇಳಿದುಬಿಡುತ್ತದೆ, ಕಣ್ಣೀರು ಥರ. ಪೂರ್ತಿ ಒಣಗುವ ಮೊದಲೇ, ಅಂಟಂಟು ಇರುವಾಗಲೇ, ಟೇಪ್ ತೆಗೆಯಿರಿ. ಒಂದು ದಿನ ಗಾಡಿ ತೆಗೆಯಬೇಡಿ, ಒಂದು ವಾರ ತೊಳೆಯಬೇಡಿ.

ಪೇಂಟ್ ಅಂಗಡಿಯವರು ಹಾರ್ಡನರ್ (ಗಟ್ಟಿ ಮಾಡುವ ಕೆಮಿಕಲ್) ಬೆರೆಸುವ ಕ್ಲಿಯರ್ ಬಗ್ಗೆ ಹೇಳುತ್ತಾರೆ. ಅದು ಗಟ್ಟಿ, ಬಹಳ ದಿನ ಬಾಳುತ್ತದೆ, ಅನುಮಾನ ಇಲ್ಲ. ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಸಾಲುವುದಿಲ್ಲ. ಮಕ್ಕಳು ಓಡಾಡುವ ಮನೆಯಂಗಳದಲ್ಲಿ ಬೇಡ. ನಾನು ಮಾಡುವುದು ಇಷ್ಟು: ಉಜ್ಜುವ ಕೆಲಸ ಮನೆಯಲ್ಲಿ ಮುಗಿಸಿ, ಪೇಂಟಿಂಗ್ ಶೆಡ್ಡಿಗೆ ಒಯ್ದು ಬೇರೆ ಗಾಡಿಗೆ ಕ್ಲಿಯರ್ ಹೊಡೆಯುವಾಗ ಇದಕ್ಕೂ ಎರಡು ಕೈ ಹೊಡೆಸಿಕೊಳ್ಳುತ್ತೇನೆ. ಉಜ್ಜೋಕೇ ಹೊತ್ತು ಹಿಡಿಯುವುದು, ಅದು ನಾವೇ ಮಾಡಿಕೊಂಡು ಹೋದರೆ ಅವರೂ ಖುಷಿಯಾಗಿ ಒಪ್ಪುತ್ತಾರೆ.

ಬೆಳಕು ಎಲ್ಲಿ ಬೀಳುತ್ತಿದೆ ನೋಡಿ

ಲೈಟ್ ತಿಳಿಯಾದ ಮೇಲೆ ಬೆಳಕು ಒಮ್ಮೆಲೇ ಜಾಸ್ತಿಯಾಗುತ್ತದೆ. ಎದುರಿನವರ ಕಣ್ಣಿಗೆ ಹೊಡೆಯಬಾರದಲ್ಲ. ಸಂಜೆ ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ. ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಡಿಮ್ ಹಾಕಿದಾಗ ಬೆಳಕಿನ ಮೇಲಿನ ಗೆರೆ ಆ ಟೇಪಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬರಬೇಕು. ಮೇಲೆ ಹೋಗುತ್ತಿದ್ದರೆ ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ಇಳಿಸಬಹುದು. ಕಾರಿನೊಳಗೆ ಲೈಟ್ ಎತ್ತರ ಬದಲಿಸುವ ಚಕ್ರ ಇದ್ದರೆ ಮೊದಲು ಅದನ್ನು ಸೊನ್ನೆಗೆ ತಂದುಕೊಳ್ಳಿ.

ಆಮೇಲೆ ದಿನಾ ನೋಡಿಕೊಳ್ಳಬೇಕಾದ್ದು ಒಂದೇ. ಕೆಂಧೂಳು ಕೂತ ಲೈಟನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ. ಸಂಡೂರು ಕಡೆಯ ಅದಿರು ಹೆಮಟೈಟ್ ಅನ್ನುವ ಕಬ್ಬಿಣದ ಅದಿರು. ಅದು ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಾಲು ಗಟ್ಟಿ. ಒಣ ಬಟ್ಟೆ, ಒಣ ಧೂಳು ಸೇರಿದರೆ ಅದೇ ಒಂದು ಉಜ್ಜುವ ಕಾಗದ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ ಹಾಕಿ. ಬಂಕಿನಲ್ಲಿ ಹುಡುಗರು ಪ್ರೀತಿಯಿಂದ ಒರೆಸೋಕೆ ಬಂದರೂ ಬೇಡ ಅನ್ನಿ.

ಆದರೂ ಕಪ್ಪೇ ಬೇಕು ಅಂದರೆ

ಅಕ್ಕನ ಮಗ ಇಷ್ಟೆಲ್ಲ ಕೇಳಿಸಿಕೊಂಡು, "ಮಾಮಾ, ಗೆಳೆಯನ ಮದುವೆಗೆ ಕಾರು ಅಲಂಕಾರ ಮಾಡ್ತಾರೆ, ಫೋಟೋಕ್ಕಾದರೂ ಬೇಕು" ಅಂದ. ಫೋಟೋಕ್ಕೆ ಅಂದರೆ ನನ್ನದೇನೂ ತಕರಾರಿಲ್ಲ, ಆದರೆ ಸ್ಪ್ರೇ ಬೇಡ, ಫಿಲ್ಮ್ ತಾ ಅಂದೆ. ನಿಂತ ಗಾಡಿಗೆ, ಹಗಲಿಗೆ ಮಾತ್ರ. ಓಡಿಸುವ ಮೊದಲು ಕೀಳಬೇಕು.

ಹಚ್ಚುವುದು ಕಷ್ಟವಿಲ್ಲ. ಲೈಟಿಗಿಂತ ಎರಡು ಬೆರಳು ದೊಡ್ಡದಾಗಿ ಫಿಲ್ಮ್ ಕತ್ತರಿಸಿ. ನೀರಿಗೆ ಎರಡು ಹನಿ ಶಾಂಪೂ ಹಾಕಿ ಲೈಟಿಗೂ ಫಿಲ್ಮಿನ ಅಂಟಿಗೂ ಚೆನ್ನಾಗಿ ಚಿಮುಕಿಸಿ. ಒದ್ದೆ ಇರುವಷ್ಟು ಹೊತ್ತು ಫಿಲ್ಮ್ ಜಾರುತ್ತದೆ, ಬೇಕಾದ ಹಾಗೆ ಕೂರಿಸಬಹುದು. ನಡುವಿನಿಂದ ಅಂಚಿನ ಕಡೆ ರಬ್ಬರ್ ಪಟ್ಟಿಯಲ್ಲಿ ನೀರು ತಳ್ಳಿ. ತಿರುವಿನಲ್ಲಿ ಸುಕ್ಕು ಬಂದರೆ ಡ್ರೈಯರ್ ಹಿಡಿದು ಎಳೆದು ಕೂರಿಸಿ. ಬ್ಲೇಡಿನಲ್ಲಿ ಅಂಚು ಕತ್ತರಿಸುವಾಗ ಬ್ಲೇಡ್ ಲೈಟಿನ ಸಂದಿಯೊಳಗಿರಲಿ, ಪೇಂಟ್ ಮೇಲೆ ಬೇಡ.

ಕಲ್ಯಾಣ ಮಂಟಪದ ಮುಂದೆ ಬೆಳಗ್ಗೆ ಹಚ್ಚಿದೆವು. ಫೋಟೋ ಚೆನ್ನಾಗಿಯೇ ಬಂದವು, ಸುಳ್ಳು ಯಾಕೆ ಹೇಳಲಿ. ಸಂಜೆ ಐದಕ್ಕೆ, ಕತ್ತಲಾಗುವ ಮೊದಲು, ಇಬ್ಬರೂ ಕೂತು ಕಿತ್ತೆವು. ಒಂದು ಮೂಲೆಯಲ್ಲಿ ಅಂಟು ಉಳಿದಿತ್ತು. ಅವನೇ ಒಳಗೆ ಓಡಿ ಅಡುಗೆಯವರ ಹತ್ತಿರ ಒಂದು ಚಮಚ ಶೇಂಗಾ ಎಣ್ಣೆ ಇಸಿದುಕೊಂಡು ಬಂದ, ಜೊತೆಗೆ ಎರಡು ಮಿರ್ಚಿ.